ಹದಿನೇಳನೆಯ ಡಬ್ಬಿ

ಮಂಗಳವಾರ ನನ್ನ ಮೇಜಿಗೆ ಡಬ್ಬಿಗಳು ಬರುತ್ತವೆ.
ಮುಚ್ಚಳ ತಿರುಗಿಸಿ, ಉಳಿದ ಗುಳಿಗೆಗಳನ್ನು
ನೀಲಿ ತಟ್ಟೆಗೆ ಸುರಿದು, ಚಪ್ಪಟೆ ಕಡ್ಡಿಯಿಂದ
ಐದೈದಾಗಿ ಸರಿಸಿ ಎಣಿಸುತ್ತೇನೆ.
ಅಜ್ಜಿ ಹುಣಸೆಬೀಜ ಎಣಿಸುತ್ತಿದ್ದದ್ದೂ ಐದೈದೇ.

ಅರ್ಧ ಡಬ್ಬಿಗಳಲ್ಲಿ ಹೊಸ ಮದ್ದು, ಅರ್ಧದಲ್ಲಿ ಬರೀ ಹಿಟ್ಟು.
ಬಣ್ಣ ಒಂದೇ, ತೂಕ ಒಂದೇ, ನಾಲಿಗೆಗೆ ಕಹಿಯೂ ಒಂದೇ.
ಯಾವುದು ಯಾವುದೆಂದು ಡಾಕ್ಟರಿಗೆ ಗೊತ್ತಿಲ್ಲ,
ನನಗಿಲ್ಲ, ನುಂಗುವವರಿಗಿಲ್ಲ.
ಗೊತ್ತಿರುವುದು ಬೆಂಗಳೂರಿನ ಒಂದು ಬೀರುವಿಗೆ,
ಅದರೊಳಗೆ ಅರಗಿನ ಮುದ್ರೆ ಬಿದ್ದ ಲಕೋಟೆಗೆ.

ಒಪ್ಪಿಗೆ ಪತ್ರ ಹನ್ನೊಂದು ಪುಟ.
ಕನ್ನಡ, ತೆಲುಗು, ಉರ್ದು, ಯಾರಿಗೆ ಯಾವುದೋ ಅದರಲ್ಲಿ ಓದಿ ಹೇಳಬೇಕು.
ಹಿಟ್ಟಿನ ಗುಳಿಗೆಯ ಮಾತು ಬಂದಾಗ ನಾನು
ಹೊಲದ ಬೆದರುಬೊಂಬೆಯನ್ನು ಕರೆಯುತ್ತೇನೆ:
ನೋಡಲು ಮನುಷ್ಯನೇ, ಒಳಗೆ ಹುಲ್ಲು.
ಹದಿನೇಳನೆಯವನು ಕೇಳಿದ,
"ಆದ್ರ ಯಕ್ಕಾ, ಹಕ್ಕಿ ಅಂಜತಾವಲ್ಲ?"
ಅದನ್ನೇ ನೋಡಬೇಕಾಗಿದೆ, ಅಂದೆ.
ನಕ್ಕು ಹೆಬ್ಬೆಟ್ಟು ಒತ್ತಿದ.

ಹೆಸರು ಬರೆಯಬಾರದು, ಸಂಖ್ಯೆ ಮಾತ್ರ.
ಇಲ್ಲೂ ಬರೆಯುವುದಿಲ್ಲ.
ರಾಯಚೂರಿನ ಗಂಜಿನಲ್ಲಿ ಹತ್ತಿ ಅಂಡಿಗೆ ಹೊರುವವನು,
ಬಲಗಿವಿಯಲ್ಲಿ ಸದಾ ಒಂದೆಳೆ ಹತ್ತಿ,
ಇಷ್ಟು ಹೇಳಿದರೆ ತಪ್ಪಾಗಲಾರದು.

ನನ್ನಜ್ಜಿ ತುಳಜಮ್ಮ ಸೇಂದಿ ಮಾರುತ್ತಿದ್ದಳು.
ಪೌಡರಿನ ಕಾಲ ಅದು. ಸುತ್ತ ಈಚಲ ಮರ ಹತ್ತೂ ಇಲ್ಲ,
ಕೊಡಗಳು ಮಾತ್ರ ಸಾಲುಸಾಲು.
ಚಮಚ ಅವಳ ಸೆರಗಿನ ಗಂಟಿನಲ್ಲಿ.
ಯಾರಿಗೆ ಒಂದು, ಯಾರಿಗೆ ಒಂದೂವರೆ, ಎಲ್ಲ ಬಲ್ಲಳು.
ಬಸುರಿ ಬಂದರೆ ಮಾತಾಡದೆ
ತಿಳಿಯಾದ ಕೊಡದಿಂದ ಹೊಯ್ಯುತ್ತಿದ್ದಳು.
ಆ ಅಂಗಡಿಗೆ ಲಕೋಟೆ ಬೇಕಿರಲಿಲ್ಲ.

ಪೊಲೀಸರು ಬೀಗ ಜಡಿದ ವಾರ
ಗಲ್ಲಿಯುದ್ದಕ್ಕೂ ಕತ್ತು ಸೊಟ್ಟಗಾದವರು,
ಇಲ್ಲದ ನೊಣವನ್ನು ಗಾಳಿಯಲ್ಲಿ ಹಿಡಿಯುವವರು,
ಕಟ್ಟೆಗೆ ಕಟ್ಟಿಹಾಕಿದ್ದ ಒಬ್ಬ ಮೇಷ್ಟ್ರು.
ಒಂಬತ್ತು ವರ್ಷದ ನಾನು ಬಾಗಿಲ ಸಂದಿಯಿಂದ ಎಣಿಸಿದೆ.
ಇಪ್ಪತ್ತಮೂರರವರೆಗೆ ಬಂದಾಗ ಅಜ್ಜಿ ಎಳೆದುಕೊಂಡಳು.
ಈ ಕೆಲಸದ ಅರ್ಜಿಯಲ್ಲಿ 'ಪೂರ್ವಾನುಭವ' ಎಂಬ ಅಂಕಣ
ಖಾಲಿ ಬಿಟ್ಟೆ.

ಆರನೆಯ ವಾರ ಹದಿನೇಳರ ಡಬ್ಬಿ ಸುರಿದರೆ
ಬಿದ್ದದ್ದು ಚೂರುಗಳು. ಹಲ್ಲಿನಿಂದ ಕಚ್ಚಿ ಮುರಿದವು.
"ಅರ್ಧ ನಮ್ಮ ಗೆಳ್ಯಾಗ ಕೊಟ್ಟೀನ್ರಿ.
ಲಿವರ್ ಕೆಟ್ಟೈತಂತ ನೀವು ಅವನ್ನ ತಗೊಳ್ಳಿಲ್ಲ.
ಇಪ್ಪತ್ತು ವರ್ಸ ಒಂದ ಮಗ್ಗಿನಾಗ ಕುಡದೀವಿ,
ಇದೊಂದನ್ನ ಒಬ್ಬನ ಹೆಂಗ ನುಂಗ್ಲಿ?"

ಸಂಜೆಯೊಳಗೆ ಆ ಗೆಳೆಯನನ್ನು ಹುಡುಕಿಸಿ, ಬೈದು, ರಕ್ತ ತೆಗೆಸಿದೆವು.
ಫಾರಮ್ಮಿನಲ್ಲಿ ಕಾರಣ ಬರೆಯಲು ಅರ್ಧ ಇಂಚು ಜಾಗ.
'ಹಂಚಿಕೊಂಡ' ಅಂದರೆ ಮುಗಿಯಿತು, ಒತ್ತಕ್ಷರಕ್ಕೆ ಕೆಳಗೆ ಜಾಗ ಸಾಲದು.
ಸಹಿ ಹಾಕಿದೆ. ಹದಿನೇಳಕ್ಕೆ ಗುಳಿಗೆ ನಿಂತಿತು.

ಮುಂದಿನ ಮಂಗಳವಾರ, ಮೇ ತಿಂಗಳ ಹನ್ನೆರಡು ಗಂಟೆ,
ಫ್ಯಾನೂ ಬಿಸಿಯುಸಿರು ಬಿಡುವಾಗ ಇಬ್ಬರೂ ಬಂದು
ಬೆಂಚಿನ ಮೇಲೆ ಕೂತರು.
"ಗುಳಿಗಿ ಬ್ಯಾಡ್ರಿ. ಆ ಪ್ರಶ್ನಿ ಕೇಳ್ತಿದ್ರಲ್ಲ, ಅವನ್ನ ಕೇಳ್ರಿ.
ಮನ್ಯಾಗ ಯಾರೂ ಕೇಳಂಗಿಲ್ಲ."

ಏಳು ದಿನದಲ್ಲಿ ಎಷ್ಟು ದಿನ? ನಿದ್ದೆ ಬಂತೆ? ಕೈ ನಡುಗಿತೆ?
ಆಸೆ, ಸೊನ್ನೆಯಿಂದ ಹತ್ತರವರೆಗೆ?
ಹತ್ತರ ಲೆಕ್ಕ ಅವನಿಗೆ ಮೊದಲಿನಿಂದಲೂ ಒಗ್ಗಿಲ್ಲ.
ಆಣೆಯಲ್ಲಿ ಹೇಳುತ್ತಾನೆ, ತಂದೆಯಿಂದ ಬಂದ ರೂಢಿ.
ಮೊದಲ ವಾರ ಹದಿನಾರಾಣೆ. ಮೂರನೆಯದಕ್ಕೆ ಹನ್ನೆರಡು;
ಏಳೂವರೆಗೆ ಮನೆ ಇರಲಿಲ್ಲ, ನಾನು ಎಂಟಕ್ಕೆ ತುಂಬಿದ್ದೆ,
ಆ ಅರ್ಧ ಇವತ್ತಿಗೂ ನನ್ನ ಮೇಲೆ ಸಾಲ.

ಲಕೋಟೆ ಒಡೆಯುವುದು ಯುಗಾದಿ ಕಳೆದ ಮೇಲೆ.
ಈಗ ಇವನ ಉತ್ತರಕ್ಕೆ ಕಾಗದ ಕೊಟ್ಟವರಿಲ್ಲ.
ಕ್ಯಾಲೆಂಡರಿನ ಹಾಳೆ ಮಗುಚಿ ಪೆನ್ನು ಹಿಡಿದೆ.
"ಇವತ್ತು?"
"ಆರಾಣಿ. ಇಲ್ಲ, ತಡೀರಿ. ಏಳು."
ಗೆಳೆಯನತ್ತ ತಿರುಗಿದೆ.
ಅವನಾಗಲೇ ಬೆರಳು ಮಡಿಸುತ್ತಿದ್ದ.