ಚೀಲವಿಲ್ಲದ ಮನೆ

ಜವರ ಸೈಕಲ್ಲಿಂದ ಇಳಿಸಿದ್ದು
ನೀರು ಸೋರುವ ಒಂದು ಗೋಣಿಚೀಲ.
ತೂಬಿನಕೆರೆ ಹತ್ತಿರ, ನಾಲೆಯಲ್ಲಿ,
ಸೇತುವೆ ಕಂಬಕ್ಕೆ ತಗುಲಿಕೊಂಡಿತ್ತಂತೆ.
ಒಳಗೆ ನಾಲ್ಕು. ಮೂರು ತಣ್ಣಗಿದ್ದವು.
ನಾಲ್ಕನೆಯದು ನನ್ನ ಹೆಬ್ಬೆರಳು ಕಚ್ಚಿತು.

ಬಾಯಿಗೆ ಹಾಕಿದ ಗಂಟು ನೋಡಿದೆ,
ಅವಸರದ ಗಂಟಲ್ಲ.
ತಳದಲ್ಲೊಂದು ತೇಪೆ. ಹೊಲಿಗೆ ನೋಡಿದೆ,
ನನ್ನದೇ ಇರಬಹುದು.
ಗುತ್ತಲು ರಸ್ತೆಯಲ್ಲಿ ಹರಿದ ಚೀಲ ಹೊಲಿಯುವವರು
ನಾವು ಮೂರೇ ಮನೆ.
ಭದ್ರವಾಗಿತ್ತು. ನಾಲೆಯ ನೀರಿಗೂ ಬಿಚ್ಚಿಕೊಂಡಿರಲಿಲ್ಲ.

ನಮ್ಮ ಮನೆಯಲ್ಲಿ ಗೋಡೆ ಕಾಣುವುದಿಲ್ಲ.
ಮಂಚದಡಿ ಚೀಲ, ಅಟ್ಟದಲ್ಲಿ ಚೀಲ,
ಬಚ್ಚಲಿನ ಪರದೆಯೂ ಅದೇ.
ಮರಿ ಒಲೆಯ ಮೂಲೆ ಹಿಡಿದು
ಬೂದಿಯಲ್ಲೇ ಬೆಳೆಯಿತು.
ನಾನು ದಬ್ಬಳಕ್ಕೆ ಪುರಿ ಪೋಣಿಸುವುದೇ ತಡ
ನಿಂತಲ್ಲೇ ಒದ್ದೆಯಾಗುತ್ತಿತ್ತು.
ಭಾನುವಾರ ತಲೆಗೆ ಎರೆದುಕೊಂಡು
ಸೀಗೆಕಾಯಿ ವಾಸನೆಯಲ್ಲಿ ಹೊಸಿಲ ಮೇಲೆ ಕೂತಾಗ ಮಾತ್ರ
ಬಂದು ತೊಡೆಯ ಮೇಲೆ ಗಲ್ಲ ಇಡುತ್ತಿತ್ತು.
ಸೋಮವಾರ ಮತ್ತೆ ನನ್ನ ಗುರುತಿಲ್ಲ.

"ಇದ್ಕೆ ಬ್ಯಾರೆ ಮನೆ ನೋಡವ" ಅಂದ ಜವರ,
ಮಗಳಿಗೆ ಗಂಡು ಹುಡುಕುವವನ ದನಿಯಲ್ಲಿ.

ನೋಡಿದೆವು.
ಬೆಲ್ಲದ ಮಂಡಿಯ ಶಿವಲಿಂಗಣ್ಣ ಕೇಳಿದ: "ಬೊಗಳ್ತದಾ?"
ಮೂರನೇ ದಿನ ಆಟೋದಲ್ಲಿ ವಾಪಸು ಕಳಿಸಿದ:
"ಮೂಟೆ ಕಂಡ್ರೆ ಉಚ್ಚೆ ಉಯ್ಕತದೆ ಕಣವ್ವ, ಇದೆಂತ ಕಾವಲು."
ಸುಭಾಷ್ ನಗರದ ಮೇಷ್ಟ್ರು ಬಾಲ ಎತ್ತಿ ನೋಡಿ
ಹೆಣ್ಣಾ, ಎಂದು ಬಾಲ ಬಿಟ್ಟರು.
ಇನ್ನೊಬ್ಬರು ಜಾತಿ ಕೇಳಿದರು.
ನಾಯಿಯದು ಮೊದಲು, ಆಮೇಲೆ ನಮ್ಮದು.
ಕಲ್ಲಹಳ್ಳಿಯ ಹೊಸ ಗಂಡಹೆಂಡಿರು ಹನ್ನೊಂದು ದಿನ ಇಟ್ಟುಕೊಂಡರು,
ಕೊರಳಿಗೆ ಕೆಂಪು ಪಟ್ಟಿಯನ್ನೂ ಕಟ್ಟಿದ್ದರು.
ಹನ್ನೆರಡನೇ ದಿನ ಹುಡುಗಿಯ ಅಪ್ಪ
ಹೊಸ ಅಕ್ಕಿ ತಂದು ನಡುಮನೆಯಲ್ಲಿ ಇಳಿಸಿದ.
ರಾತ್ರಿ ಹತ್ತಕ್ಕೆ ನಾಯಿ ಸಿಕ್ಕಿದ್ದು
ಷುಗರ್ ಫ್ಯಾಕ್ಟರಿ ಗೇಟಿನ ಬಳಿ, ಕಬ್ಬಿನ ಗಾಡಿಯ ಕೆಳಗೆ.

ಮಂಡ್ಯದಲ್ಲಿ ಚೀಲವಿಲ್ಲದ ಮನೆ ಎಲ್ಲಿಂದ ತರಲಿ?
ಇಲ್ಲದವರಿಗೆ ಸೊಸೈಟಿ ಅಕ್ಕಿ, ಉಳ್ಳವರಿಗೆ ಗದ್ದೆಯದು.
ಎರಡೂ ಇಲ್ಲದವರು
ಖಾಲಿ ಚೀಲ ಹಾಸಿ ಮಲಗುತ್ತಾರೆ.

ಹೊಸಹಳ್ಳಿಯ ಸಾಕಮ್ಮ
ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದವಳು.
ಬಾಲ ನೋಡಲಿಲ್ಲ, ಹಲ್ಲು ನೋಡಲಿಲ್ಲ.
ಕಾಲು ನೀಡಿ ಕೂತು, ಎಲೆಗೆ ಸುಣ್ಣ ಸವರುತ್ತಾ
"ಏನ್ ಕಂಡ್ರೆ ಎದ್ರುಕತದೆ?" ಅಂದಳು.
ಅದನ್ನು ಯಾರೂ ಕೇಳಿರಲಿಲ್ಲ.
ನನಗೆ ಬಾಯಿ ಬರಲಿಲ್ಲ.
ಅವಳ ಬೆನ್ನ ಹಿಂದೆಯೇ ಇತ್ತು,
ಅರ್ಧ ಮೂಟೆ ರಾಗಿ, ಗೋಡೆಗೊರಗಿ.
ನಾಯಿ ಅದನ್ನು ಆಗಲೇ ನೋಡಿತ್ತು.
ಅವಳು ನಾಯಿಯನ್ನು ನೋಡಿದಳು.

ಎದ್ದಳು. ಮಂಡಿಗಳು ಚಟ್ ಅಂದವು.
ಹಂಡೆಯ ನೀರು ಅಂಗಳಕ್ಕೆ ಚೆಲ್ಲಿ, ಸೆರಗಲ್ಲಿ ಒರೆಸಿ,
ಸೇರು ಸೇರಾಗಿ ಮೊಗೆದು ಸುರಿದಳು.
ಹಂಡೆ ತುಂಬಿತು, ಕೊಡ ತುಂಬಿತು,
ಉಳಿದದ್ದು ಅಡುಗೆಯ ತಪ್ಪಲೆಗೆ.
ರಾತ್ರಿಗೆ ಯಾತರಲ್ಲಿ ಬೇಯಿಸುತ್ತೀಯೆಂದು ನಾನು ಕೇಳಲಿಲ್ಲ.
ಚೀಲ ಕೊಡವಿ, ಮಡಿಚಿ, ನನ್ನ ಕಂಕುಳಿಗೆ ತುರುಕಿದಳು:
"ತಗಂಡೋಗು. ಮೂಲೆ ಅರ್ದದೆ, ಒಲ್ದು ಮಾರ್ಕೊ.
ಐದ್ನೇದೂ ಹೆಣ್ಣಾಯ್ತು, ಸಾಕು ಅಂತ
ನಮ್ಮಪ್ಪ ಮಡಗಿದ್ದು ಈ ಎಸ್ರ.
ಸಾಕ್ತೀನಿ, ನಡಿ."

ಆ ಚೀಲ ಮಾರಿಲ್ಲ. ಹೊಲಿದೂ ಇಲ್ಲ.
ಎತ್ತಿಟ್ಟಾಗಲೆಲ್ಲ ಹರಿದ ಮೂಲೆಯಿಂದ
ಒಂದೆರಡು ಕಾಳು ಉದುರುತ್ತವೆ.

ಭಾನುವಾರ ತಲೆಗೆ ಎರೆದುಕೊಂಡು,
ಉಗುರ ಸಂದಿಯ ನಾರು ಕಿತ್ತು,
ಒಗೆದ ಸೀರೆಯುಟ್ಟು ಹೊಸಹಳ್ಳಿಗೆ ಹೋಗುತ್ತೇನೆ.
ಮೊನ್ನೆ ಹೊಸಿಲಲ್ಲಿ ಮಲಗಿದ್ದದ್ದು
ತಲೆ ಎತ್ತಿ, ನನ್ನನ್ನು ನೋಡಿ,
ಬೊಗಳಿತು.

ಒಂದೂವರೆ ವರ್ಷದಲ್ಲಿ ಮೊದಲ ಸಲ ಅದರ ದನಿ ಕೇಳಿದ್ದು.
ಮಂಡಿಯ ಶಿವಲಿಂಗಣ್ಣ ಇರಬೇಕಿತ್ತು.
ನಾನು ಚಪ್ಪಲಿ ಬಿಡದೆ
ಬೀದಿಯಲ್ಲೇ ನಿಂತೆ,
ಮನೆಯವರು ಯಾರಾದರೂ ಬಂದು
ಒಳಗೆ ಕರೆಯಲಿ ಎಂದು.