ಬಲಗೈಯ ನರ

ಏಪ್ರಿಲ್ ಮೂವತ್ತರೊಳಗೆ ಒಂದನ್ನು ಬಿಡಬೇಕು.
ಎರಡೂ ಕಾಲೇಜು ಕೇಳಿವೆ ನನ್ನ ಬಿಳಿ ಕೋಟಿನ ಅಳತೆ.
ಡೆಟ್ರಾಯಿಟಿಗೆ ಮೀಡಿಯಂ ಎಂದು ಬರೆದೆ,
ವಿಸ್ಕಾನ್ಸಿನ್ನಿನ ಸಣ್ಣ ಕಾಲೇಜಿಗೆ ಲಾರ್ಜ್.
ಯಾಕೆಂದು ಕೇಳಬೇಡಿ.
ಅಲ್ಲಿ ಚಳಿ ಹೆಚ್ಚು, ಒಳಗೊಂದು ಸ್ವೆಟರ್ ಬೇಕಾದೀತು ಎನಿಸಿತು.

ಇಶ್ಪೆಮಿಂಗ್‌ನಲ್ಲಿ ಇನ್ನೂ ಹಿಮ.
ಅಂಗಡಿ ಹಿಂದಿನ ರಾಶಿ ಕಬ್ಬಿಣದ ಧೂಳಿಗೆ ಕೆಂಪಗಾಗಿ
ಹಳೆ ಬ್ಯಾಂಡೇಜಿನ ಹಾಗೆ ಬಿದ್ದಿದೆ.
ಅಮ್ಮ ಸ್ಕೂಲ್ ಬಸ್ಸಿನ ಕೀಲಿಯನ್ನು ಮೇಜಿನ ಮೇಲಿಟ್ಟು
ಲೆಕ್ಕ ಹಾಕುತ್ತಾಳೆ, ಕರೆಂಟ್ ಬಿಲ್ಲಿನ ಬೆನ್ನಿಗೆ:
ಡೆಟ್ರಾಯಿಟ್ ಅಂದರೆ ಮೂರು ಲಕ್ಷ ಡಾಲರ್ ಸಾಲ,
ವಿಸ್ಕಾನ್ಸಿನ್ ಅಂದರೆ ಎಂಬತ್ತು ಸಾವಿರ, ಜೊತೆಗೆ
ಓದು ಮುಗಿದ ಮೇಲೆ ನಾಲ್ಕು ವರ್ಷ ಅವರು ಹೇಳಿದ ಹಳ್ಳಿ.
"ಹಳ್ಳಿಯಾದರೇನು, ನಾವಿರೋದು ಮತ್ತೇನು?" ಎನ್ನುತ್ತಾಳೆ.
ಮರುಗಳಿಗೆ, "ಆದ್ರೂ ಡೆಟ್ರಾಯಿಟ್ ಅಂದ್ರೆ ಡೆಟ್ರಾಯಿಟು, ಕಾಯ್ಸಾ."
ಬಿಲ್ಲನ್ನು ತಿರುಗಿಸಿಡುತ್ತಾಳೆ. ಅದರ ಮುಖದಲ್ಲೂ ಬಾಕಿ.

ಕಳೆದ ವರ್ಷ ನಾನು ಕಾಯುವವರ ಪಟ್ಟಿಯಲ್ಲಿದ್ದೆ.
ಆಗಸ್ಟಿನವರೆಗೆ ಫೋನನ್ನು ಸೌನಾದೊಳಕ್ಕೂ ಒಯ್ದೆ,
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ.
ಬಂದದ್ದು ಎರಡೇ ಕರೆ: ಒಂದು ರಾಂಗ್ ನಂಬರ್,
ಇನ್ನೊಂದು ಹಲ್ಲಿನ ಡಾಕ್ಟರ ಕಡೆಯಿಂದ.
ಈಗ ನನ್ನ ಕೈಯಲ್ಲೇ ಒಂದು ಸೀಟು ಹೆಚ್ಚಿಗಿದೆ.

ಬೆಳಗಿನ ಜಾವ ನಾಲ್ಕೂವರೆಗೆ ನನ್ನ ಪಾಳಿಯ ಮೊದಲ ಸೂಜಿ
ಓಯ್ವಾ ನಿಯೆಮೆಲಾ ಅವರಿಗೆ, ಹನ್ನೆರಡನೇ ಕೋಣೆ.
ಮೂವತ್ತೊಂದು ವರ್ಷ ಗಣಿಯೊಳಗಿದ್ದವರು.
ಎಡಗೈ ಯಾರಿಗೂ ಒಲಿಯುವುದಿಲ್ಲ.
ಬಲ ಮೊಣಕೈ ಮಡಿಕೆಯಲ್ಲಿ, ಮಚ್ಚೆಯಿಂದ ಅರ್ಧ ಬೆರಳು ಕೆಳಗೆ
ಒಂದು ನರವಿದೆ, ನಾಚಿಕೆಯದು,
ಅವಸರ ಮಾಡಿದರೆ ಸರಿದುಬಿಡುತ್ತದೆ.
ಅಂಗೈಯಿಂದ ಬೆಚ್ಚಗೆ ಮಾಡಿ, ಹವೆಯ ಮಾತಾಡುತ್ತ,
ಅದು ಮೈಮರೆತಾಗ ಒಳಗೆ ಹೋಗಬೇಕು.
ಇದನ್ನು ಯಾವ ಕಾಲೇಜೂ ಕಲಿಸಿದ್ದಲ್ಲ. ಆ ನರವೇ ಕಲಿಸಿದ್ದು.

ನಿನ್ನೆ ಹೇಳಿದೆ, ಎರಡು ಕಡೆ ಸೀಟು ಸಿಕ್ಕಿದೆ ಎಂದು.
ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.
"ನನಗೂ ಒಂದು ಸಿಕ್ಕಿದೆ ಮಾರಾಯ್ತಿ.
ಸಹಿ ಹಾಕಿದ್ದೀನಿ. ಸತ್ತ ಮೇಲೆ ಈ ದೇಹ ಡೆಟ್ರಾಯಿಟಿಗೆ.
ಪರೀಕ್ಷೆಯಿಲ್ಲ, ಫೀಸಿಲ್ಲ, ಗಾಡಿ ಖರ್ಚೂ ಅವರದೇ.
ಬದುಕಿದ್ದಾಗ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ."
ಟ್ಯೂಬು ತುಂಬಿತು. ಹತ್ತಿ ಒತ್ತಿ ಹಿಡಿದೆ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಕಾರು ಬಿಸಿಯಾಗುವವರೆಗೆ ಕೂತು ಯೋಚಿಸಿದೆ:
ಮೊದಲ ವರ್ಷ, ಮೊದಲ ತಿಂಗಳು, ಉಕ್ಕಿನ ಮೇಜು.
ಹೆಸರಿರುವುದಿಲ್ಲ, ಮುಖಕ್ಕೆ ಬಟ್ಟೆ.
ಆದರೆ ಮಚ್ಚೆ?
ಎರಡೂ ಊರುಗಳಲ್ಲಿ ನನ್ನ ಮೊದಲ ಪಾಠವಾಗಲಿರುವವರು
ಈಗ ಬಹುಶಃ ಕಾಫಿ ಕುಡಿಯುತ್ತಿದ್ದಾರೆ,
ಚಾನೆಲ್ ಬದಲಿಸುತ್ತಿದ್ದಾರೆ, ಯಾರನ್ನೋ ಬೈಯುತ್ತಿದ್ದಾರೆ.
ಅವರಲ್ಲೊಬ್ಬರ ಬೈಗುಳ ನನಗೆ ಬಾಯಿಪಾಠ.

ಗುರುವಾರ ರಾತ್ರಿ ಡೆಟ್ರಾಯಿಟನ್ನು ಬಿಟ್ಟುಕೊಟ್ಟೆ.
ಒಂದು ಗುಂಡಿ ಒತ್ತಿದರಾಯಿತು; ಖಚಿತವೇ ಎಂದು ಮತ್ತೊಮ್ಮೆ ಕೇಳಿತು.
ಕೇಳಿದವರಿಗೆಲ್ಲ ಸಾಲದ ಲೆಕ್ಕ ಹೇಳಿದೆ. ಅದು ಸುಳ್ಳಲ್ಲ.
ಅಮ್ಮ ತಲೆಯಾಡಿಸಿದಳು, ಆಮೇಲೆ
ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.
ಓಯ್ವಾ ಅವರಿಗೆ ಮಾತ್ರ ಹೇಳಿದೆ, "ನಿಮ್ಮ ಕಾಲೇಜಿಗೆ ಬರಲ್ಲ."
"ಒಳ್ಳೇದೇ ಆಯ್ತು," ಅಂದರು ಬಲಗೈ ಚಾಚುತ್ತ,
"ನನ್ನ ಬಗ್ಗೆ ನಿನಗೆ ಆಗಲೇ ಜಾಸ್ತಿ ಗೊತ್ತು."

ಎಲ್ಲೋ ಒಂದು ಫೋನು ಈಗ ರಿಂಗಾಗುತ್ತಿರಬಹುದು,
ಬಚ್ಚಲಲ್ಲೋ, ಬಸ್ಸಿನಲ್ಲೋ, ಬ್ರೆಡ್ಡಿನ ಚೀಲದೊಳಗೋ.
ಎತ್ತಿಕೋ.
ನಿನ್ನ ಹೆಸರು ಗೊತ್ತಿಲ್ಲ, ಕೋಟಿನ ಅಳತೆ ಗೊತ್ತಿಲ್ಲ.
ಮುಂದೆಂದೋ ಒಂದು ಬೆಳಿಗ್ಗೆ, ಬಲಗೈ ಮಡಿಕೆಯಲ್ಲಿ,
ಮಚ್ಚೆಯ ಕೆಳಗೆ, ಸೂಜಿ ಚುಚ್ಚಿದ ಕಲೆಗಳು ಕಂಡರೆ
ಅವು ನನ್ನವು.
ನಿಧಾನ.
ಇನ್ನು ಅದಕ್ಕೆ ನೋಯುವುದಿಲ್ಲ, ನಿಜ.
ಆದರೂ ಮೊದಲು ಅಂಗೈಯಿಂದ
ಸ್ವಲ್ಪ ಬೆಚ್ಚಗೆ ಮಾಡು.