ಅಡ್ಡ ಮಲಗಿದ ಲಂಗರು

ಆರು ಪೌಂಡಿಗೆ ಸಿಕ್ಕಿತು,
ಗುಂಡಿಗಳ ಡಬ್ಬಿಯ ತಳದಲ್ಲಿ, ಮಸಿ ಹಿಡಿದು.
ಕವಲುಬಾಲದ ಎರಡು ಹಕ್ಕಿ, ನಡುವೆ ಹೆಸರು: ಎಡಿತ್.
ಮಾರುವವನು ಅಂದ, ಅಜ್ಜಿಯದ್ದು.
ಯಾರ ಅಜ್ಜಿ ಎಂದರೆ ಹೆಗಲು ಕುಣಿಸಿದ.
ಬರ್ಮಿಂಗ್‌ಹ್ಯಾಮಿನ ಸಂತೆಯಲ್ಲಿ, ಶನಿವಾರ,
ಎಲ್ಲರಿಗೂ ಒಂದೊಂದು ಅಜ್ಜಿ ಇರುತ್ತಾಳೆ.

ಬೆನ್ನು ತಿರುಗಿಸಿದೆ. ಅಭ್ಯಾಸ.
‘ಮಾರಿ ನೋಡಿ ಮಣಿ ಹಾಕಬ್ಯಾಡ, ಒಡವಿ ಬೆನ್ನು ನೋಡು’
ಅನ್ನುತ್ತಿದ್ದ ಅಪ್ಪ, ಬಾಗಲಕೋಟೆಯ ಕಾಳಪ್ಪ ಪತ್ತಾರ,
ಊದುಗೊಳವೆ ಬಾಯಲ್ಲಿಟ್ಟುಕೊಂಡೇ.

ಗುಲಗಂಜಿಗಿಂತ ಸಣ್ಣ ಜಾಗದಲ್ಲಿ
ಸವೆದ ಸಿಂಹ (ಬೆಕ್ಕೂ ಇರಬಹುದು),
ಅಡ್ಡ ಮಲಗಿದ ಲಂಗರು,
ಒಂದು ಅಕ್ಷರ.

ಲಂಗರು ಕಂಡದ್ದೇ ಹಡಗು ಕಟ್ಟಿದೆ ಮನಸ್ಸಿನಲ್ಲಿ:
ಎಡಿತಳ ನಾವಿಕ, ಬಂದರು, ಬೀಸಿದ ಕರವಸ್ತ್ರ.
ವೈಸ್ ಸ್ಟ್ರೀಟಿನ ರಿಪೇರಿ ಅಂಗಡಿಯ ಲೆಸ್ಲಿ ಹ್ಯಾಡನ್
ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ನಕ್ಕ.
ಅದು ಈ ಊರಿನ ಮುದ್ರೆ,
ಇಲ್ಲಿ ಒರೆಗೆ ಹಚ್ಚಿದ ಬೆಳ್ಳಿಗೆಲ್ಲ ಲಂಗರೇ.
ಸಮುದ್ರವೆ? ಬಸ್ಸಿನಲ್ಲಿ ಮೂರು ಗಂಟೆ.
ನಮಗಿರುವುದು ಕಾಲುವೆ, ಅದರಲ್ಲಿ ಬಾತುಕೋಳಿ.

ನನ್ನ ನಾವಿಕ ಅಲ್ಲೇ ಮುಳುಗಿದ.

ಅಕ್ಷರ ಎನ್ ಆದರೆ ಒಂದು ಇಸವಿ,
ತಲೆಕೆಳಗಾದರೆ ಯು, ಏಳು ವರ್ಷ ಆಚೆ.
ಸಿಂಹಕ್ಕೆ ಕಾಲೆಲ್ಲಿ ಬೆನ್ನೆಲ್ಲಿ ತಿಳಿಯದು,
ಲಂಗರು ಮಲಗಿದೆ, ಮೇಲು ಕೆಳಗು ಹೇಳುವವರಿಲ್ಲ.
ಏಳು ವರ್ಷವೆಂದರೆ ಜಡೆ ಬಿಟ್ಟ ಹುಡುಗಿ
ತೊಟ್ಟಿಲು ತೂಗುವಷ್ಟು.

ಗ್ರಂಥಾಲಯದ ನಾಲ್ಕನೇ ಮಹಡಿಯಲ್ಲಿ ಗ್ವೆಂಡಾ ಪ್ಯಾಜೆಟ್,
ಪೆನ್ನು ಕೂಡದು, ಪೆನ್ಸಿಲ್ ಮಾತ್ರ.
ಹೆಸರು ಕೇಳಿದಳು. ಪತ್ತಾರ ಅಂದೆ. ಪಾಟರ್ ಎಂದು ಬರೆದಳು.
ಏಳು ತಲೆಮಾರು ಬಂಗಾರ ಕಾಸಿದವರು
ಪೆನ್ಸಿಲ್ಲಿನ ಒಂದು ಗೀರಿಗೆ ಕುಂಬಾರರಾದೆವು.
ತಿದ್ದಲಿಲ್ಲ. ಅವರದೂ ಬೆಂಕಿಯ ಕೆಲಸವೇ.

ದಫ್ತರದಲ್ಲಿ ಅದೇ ಹಕ್ಕಿ ಜೋಡಿ, ಅಚ್ಚು ನಂಬರ್ ನಾನೂರ ಹನ್ನೆರಡು.
ಏಡಾ, ಮಿನ್ನಿ, ಫ್ಲಾರೆನ್ಸ್: ಹೆಸರು ಬದಲು, ಹಕ್ಕಿ ಅವೇ.
ಎಡಿತ್, ಹನ್ನೆರಡು ಗ್ರೋಸು.
ಅಂದರೆ ಸಾವಿರದ ಏಳುನೂರ ಇಪ್ಪತ್ತೆಂಟು,
ಏಟಿಗೊಬ್ಬಳಂತೆ.
ಅಚ್ಚು ಒತ್ತಿದ ಹುಡುಗಿಯರ ಹೆಸರು ಮಾತ್ರ ಎಲ್ಲೂ ಇಲ್ಲ.
ಅವರಲ್ಲೂ ಒಬ್ಬಳು ಎಡಿತ್ ಇದ್ದಿರಬಹುದು,
ದಿನವಿಡೀ ತನ್ನ ಹೆಸರನ್ನೇ ಒತ್ತಿ ಒತ್ತಿ
ಸಂಜೆ ಬರಿಗೈಯಲ್ಲಿ ಮನೆಗೆ ನಡೆದವಳು.
ಅಚ್ಚುಮೆಚ್ಚು ಅನ್ನುತ್ತೇವಲ್ಲ,
ಮೆಚ್ಚು ಯಾರದೋ, ಅಚ್ಚು ಯಾರದೋ.

ಕೈಬಿಟ್ಟಿದ್ದೆ. ಬಸ್ ಸ್ಟಾಪಿನಲ್ಲಿ ಸುಮ್ಮನೆ ಮತ್ತೊಮ್ಮೆ ಬೆನ್ನು ನೋಡಿದೆ.
ಪಿನ್ನು ಮೂಲದ್ದಲ್ಲ.
ಹಿತ್ತಾಳೆಯ ತಂತಿ, ಯಾರೋ ಕೈಯಲ್ಲೇ ಬಾಗಿಸಿದ್ದು,
ಬುಡದಲ್ಲಿ ಸೀಸದ ಬೆಸುಗೆ, ಕಡಲೆಯಷ್ಟು ಉಬ್ಬಿ ನಿಂತಿದೆ.
ಪತ್ತಾರಿಕೆಯಲ್ಲ ಇದು, ಬಕೆಟ್ಟಿನ ತೂತು ಮುಚ್ಚುವ ಕೈ.
ಅಪ್ಪ ಕಂಡಿದ್ದರೆ ಥೂ ಅನ್ನುತ್ತಿದ್ದ.
ಆದರೆ ಅಕ್ಕನ ಬಂಗಾರವನ್ನೂ ಬಿಡನು ಅಕ್ಕಸಾಲಿ ಎಂದು
ಗಾದೆ ಕಟ್ಟಿಸಿಕೊಂಡವರು ನಾವು.
ಈ ಕೈ ಕದ್ದಿಲ್ಲ,
ಬೇಕಾದ್ದಕ್ಕಿಂತ ಮೂರು ಪಾಲು ಸುರಿದಿದೆ.

ಇಂಥ ಅಗ್ಗದ್ದು ಮುರಿದರೆ ಎಸೆಯುತ್ತಾರೆ.
ಯಾರೋ ಎಸೆಯಲಿಲ್ಲ.
ಅಷ್ಟೊಂದು ಎಡಿತರಲ್ಲಿ ಇವಳು ಬೇರೆಯಾದದ್ದು
ಆ ಸಂಜೆ, ಒಲೆಯ ಬದಿಯಲ್ಲಿ, ಸೀಸ ಕರಗುವಾಗ.
ಅದಕ್ಕೆ ಇಸವಿಯಿಲ್ಲ,
ಗ್ವೆಂಡಾಳ ಹತ್ತಿರ ಅದರ ದಫ್ತರವಿಲ್ಲ.

ಬೆನ್ನು ಚೊಕ್ಕ ಮಾಡಿ ಹೊಸ ಪಿನ್ನು ಹಾಕುತ್ತೇನೆಂದ ಲೆಸ್ಲಿ,
ಹದಿನೈದು ಪೌಂಡು. ಬೇಡವೆಂದೆ.
ಕೋಟಿಗೆ ಚುಚ್ಚಿಕೊಂಡರೆ ವಾಲುತ್ತದೆ,
ಒಂದು ಹಕ್ಕಿ ಮೇಲೆ, ಒಂದು ಕೆಳಗೆ.

ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆ, ಆರು ಗ್ರಾಂ.
ಇದರಲ್ಲಿ ಬೆಳ್ಳಿ ಎಷ್ಟು, ಸೀಸ ಎಷ್ಟು
ಬರೀ ಅಂಗೈಯಲ್ಲಿಟ್ಟು ಹೇಳಬಲ್ಲವನೊಬ್ಬನಿದ್ದ.
ಅವನು ಮಾಡಿದ ಯಾವ ಒಡವೆಗೂ
ಮುದ್ರೆ ಇರಲಿಲ್ಲ.